ಹುಳು ಮನೆಯ ಬಿಳಿ ಗೋಡೆ

ನಮ್ಮ ಅತ್ತೆ ಚೆನ್ನಾಗಿದ್ದಾಳೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕತೆಯನ್ನು ಯಾರಿಗೆ ಹೇಳಲು ಹೊರಟರೂ ಅರ್ಧಕ್ಕೆ ಬರುವಷ್ಟರಲ್ಲಿ ನಾನು ಎದ್ದು ನೀರು ಕುಡಿಯಲು ಹೋಗಿಬಿಡುತ್ತೇನೆ. ಕೇಳುವವರು ಬೇರೇನೋ ಊಹಿಸಿಕೊಂಡು ‘ಅಯ್ಯೋ ಪಾಪ, ಒಳ್ಳೆ ಹೆಂಗಸು’ ಎಂದುಬಿಡುತ್ತಾರೆ. ಹಾಗೆ ಯಾರೋ ಅಂದದ್ದು ಅತ್ತೆಯ ಕಿವಿಗೂ ಬಿದ್ದು, “ಏನೇ, ಊರಿಗೆಲ್ಲ ನನ್ನ ತಿಥಿ ಊಟ ಹಾಕಿಸ್ತಿದ್ದೀಯಂತೆ?” ಎಂದು ಫೋನಿನಲ್ಲಿ ಬೈದಳು.

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಜಂಗಮಕೋಟೆಯ ಆಚೆಗಿನ ಹಳ್ಳಿಯಲ್ಲಿ ಅವಳಿಗೂ ಮಾವನಿಗೂ ಹಿಪ್ಪುನೇರಳೆ ತೋಟವಿದೆ, ಸೀಮೆಹಸುಗಳಿವೆ, ಮನೆಯ ಹಿಂದೆ ರೇಷ್ಮೆಹುಳು ಸಾಕುವ ಉದ್ದನೆಯ ಹುಳು ಮನೆ ಇದೆ. ಸುತ್ತಲ ಊರಿನ ರೇಷ್ಮೆ ಬೆಳೆಯುವ ಹೆಂಗಸರು ಸೇರಿ ತಮ್ಮದೇ ಒಂದು ಕಂಪನಿ ಮಾಡಿಕೊಂಡಾಗ, ಜೋರು ಬಾಯಿಯವಳೊಬ್ಬಳು ಇರಲಿ ಎಂದು ಅತ್ತೆಯನ್ನೂ ನಿರ್ದೇಶಕಿಯಾಗಿ ಆರಿಸಿದರು. ಕಂಪನಿಗೊಂದು ವೆಬ್‌ಸೈಟ್ ಆಗಬೇಕಿತ್ತು, ಅದಕ್ಕೆ ನಿರ್ದೇಶಕಿಯರ ಫೋಟೋ ಬೇಕಿತ್ತು. ಅದನ್ನು ಮಾಡಿಕೊಡುತ್ತಿದ್ದ ಚಿಕ್ಕಬಳ್ಳಾಪುರದ ಹುಡುಗಿ ವಾಟ್ಸಾಪಿನಲ್ಲಿ ಹೇಳಿ ಕಳಿಸಿದಳು: ಹಿಂದೆ ಅಚ್ಚ ಬಿಳಿ ಇರಬೇಕು, ನೆರಳು ಬೀಳಬಾರದು, ನೇರ ನೋಡಬೇಕು, ಬಾಯಿ ಮುಚ್ಚಿ ಸಣ್ಣಗೆ ನಗಬೇಕು.

ಅತ್ತೆ ಮೊದಲು ಶಿಡ್ಲಘಟ್ಟದ ಒಂದು ಸ್ಟುಡಿಯೋಗೇ ಹೋಗಿದ್ದಳು. ಅಲ್ಲಿಯವನು ಹಿನ್ನೆಲೆಯನ್ನು ಬಿಳಿ ಮಾಡುವ ಭರದಲ್ಲಿ ಅತ್ತೆಯನ್ನೂ ಬಿಳಿ ಮಾಡಿ, ಕೆನ್ನೆಗೆ ಗುಲಾಬಿ ಬಣ್ಣ ಬಳಿದು, ಮೂಗುಬೊಟ್ಟನ್ನು ಕಲೆ ಎಂದುಕೊಂಡು ಅಳಿಸಿಹಾಕಿದ್ದ. ಮಾವ ಕನ್ನಡಕ ಏರಿಸಿಕೊಂಡು ಆ ಫೋಟೋವನ್ನು ಬಹಳ ಹೊತ್ತು ನೋಡಿದರಂತೆ. “ಈ ಯಮ್ಮ ಯಾವೂರೋ ವಿಚಾರಿಸು. ಒಳ್ಳೆ ಮನೆತನದೋರ ಥರ ಕಾಣ್ತಾರೆ” ಎಂದರಂತೆ. ಅತ್ತೆ ಅವತ್ತು ಅವರಿಗೆ ಮುದ್ದೆ ಇಕ್ಕಿದಳು, ಸಾರು ಇಕ್ಕಲಿಲ್ಲ.

ಹೀಗಾಗಿ ನನಗೆ ಕರೆ ಬಂತು. “ಡಿಗ್ರಿ ಓದಿದೀಯ, ಅಷ್ಟು ದೊಡ್ಡ ಫೋನ್ ಇಟ್ಕೊಂಡಿದೀಯ. ಭಾನುವಾರ ಬಂದು ಒಂದು ಫೋಟೋ ತೆಗೆದು ಹೋಗಮ್ಮ. ಬಿಳಿ ಗೋಡೆ ನಮ್ಮ ಹತ್ರಾನೇ ಐತೆ.”

ಗೋಡೆ ನಿಜಕ್ಕೂ ಇತ್ತು. ಒಂದು ಬೆಳೆ ಮುಗಿದು ಇನ್ನೊಂದಕ್ಕೆ ಮೊದಲು ಹುಳು ಮನೆಯನ್ನು ತೊಳೆದು, ಸುಣ್ಣ ಹೊಡೆದು, ಔಷಧಿ ಸಿಂಪಡಿಸಿ ಮುಚ್ಚಿಡುವುದು ಅಲ್ಲಿನ ಪದ್ಧತಿ. ಮಾವ ಶನಿವಾರವಷ್ಟೇ ಸುಣ್ಣ ಹೊಡೆದಿದ್ದರು. ಗಾಳಿಕಿಂಡಿಗಳಿಗೆಲ್ಲ ಪ್ಲಾಸ್ಟಿಕ್ ಬಿಗಿದಿದ್ದರು. ಆದರೆ ಮಾಗಿಯ ಚಳಿ. ಬೆಳಗಾದರೂ ಸುಣ್ಣ ಆರದೆ ಗೋಡೆಯ ಮೇಲೆ ಬೂದು ಬಣ್ಣದ ಪಟ್ಟೆಗಳು ಉಳಿದಿದ್ದವಂತೆ. ಹೆಂಡತಿ ಮೊದಲ ಸಲ ಕಂಪನಿಯ ಫೋಟೋದಲ್ಲಿ ಬರುವಾಗ ಹಿಂದೆ ಒದ್ದೆ ಗೋಡೆ ಕಾಣಬಾರದೆಂದು ಮಾವ, ಮರಿಹುಳುಗಳಿಗೆ ಬೆಚ್ಚಗಿರಲೆಂದು ಇಡುವ ಕೆಂಡದ ಬಾಣಲೆಯನ್ನು ತುಂಬಿಸಿ ಒಳಗಿಟ್ಟು ಬಾಗಿಲು ಹಾಕಿದರು. ಹುಳು ಇದ್ದಾಗಲೂ ಇಡುತ್ತಾರೆ. ಆಗ ಮೇಲಿನ ಕಿಂಡಿಗಳು ತೆರೆದಿರುತ್ತವೆ, ಅಷ್ಟೇ ವ್ಯತ್ಯಾಸ.

ನಾನು ಹೋಗುವಷ್ಟರಲ್ಲಿ ಅತ್ತೆ ಸೀರೆಗಳನ್ನೆಲ್ಲ ಹೊತ್ತುಕೊಂಡು ಒಳಗೆ ಸೇರಿದ್ದಳು. “ಹೊರಗೆ ಕೊರೆಯೋ ಚಳಿ. ಇಲ್ಲಿ ನೋಡು, ಬೆಚ್ಚಗೆ ಎಷ್ಟು ಸುಖವಾಗೈತೆ” ಎಂದಳು. ಹುಳುಗಳ ಅಟ್ಟಣೆಗಳನ್ನು ಪಕ್ಕಕ್ಕೆ ಸರಿಸಿದ್ದರೂ ಒಳಗೆ ಹಿಂದೆ ಸರಿಯಲು ಜಾಗವಿರಲಿಲ್ಲ. ಅಲ್ಲಿಂದ ತೆಗೆದರೆ ಮೂಗೊಂದೇ ದಪ್ಪಗೆ ಬರುತ್ತಿತ್ತು. ಎದುರು ಗೋಡೆಯಲ್ಲಿ ಗಾಜಿನ ಕಿಟಕಿ ಇತ್ತು. ನಾನು ಹೊರಗೆ ಹೋಗಿ ಆ ಕಿಟಕಿಯಿಂದ ತೆಗೆಯುವುದೆಂದು ತೀರ್ಮಾನವಾಯಿತು.

ನಾನು ಹೊಸಿಲು ದಾಟಿದ್ದೇ ತಡ, ಅತ್ತೆ ಬಾಗಿಲು ಹಾಕಿ ಚಿಲಕ ಜಡಿದಳು. ರೇಷ್ಮೆ ಸಾಕುವವರ ಕೈಗೆ ಅಂಟಿದ ಅಭ್ಯಾಸ ಅದು. ಬಾಗಿಲು ಒಂದು ಗಳಿಗೆ ತೆರೆದಿದ್ದರೂ ಊಜಿ ನೊಣ ನುಗ್ಗಿ ಹುಳುಗಳ ಮೇಲೆ ಮೊಟ್ಟೆ ಇಟ್ಟುಬಿಡುತ್ತದೆ, ಬೆಳೆಯೇ ಹೋಗುತ್ತದೆ. ಕಿಟಕಿಯ ಗಾಜು ಸರಿಸು ಎಂದರೂ ಅದೇ ಉತ್ತರ.

“ಊಜಿ ಬರುತ್ತೆ ಕಣೇ!”

“ಒಳಗೆ ಒಂದು ಹುಳಾನೂ ಇಲ್ಲವಲ್ಲ ಅತ್ತೆ. ಊಜಿ ಬಂದು ನಿನ್ನ ಮೇಲೆ ಮೊಟ್ಟೆ ಇಡುತ್ತಾ?”

“ಅದಕ್ಕೇನು ಗೊತ್ತು, ರೇಷ್ಮೆ ಸೀರೆ ಉಟ್ಟಿದೀನಿ!”

ಗಾಜನ್ನು ದುಪಟ್ಟಾದಿಂದ ಒರೆಸಿ, ಫೋನನ್ನು ಅದಕ್ಕೇ ಒತ್ತಿ ಹಿಡಿದೆ. ಫೋಟೋ ಸೊಗಸಾಗಿ ಬರುತ್ತಿತ್ತು. ಅಚ್ಚ ಬಿಳಿ ಗೋಡೆ, ನೀಲಿ ಸೀರೆ, ಬೆಳಕಿಗೆ ಮಿನುಗುವ ಮೂಗುಬೊಟ್ಟು. ಬಾಯಿಯೊಂದೇ ತೊಂದರೆ. ಸಣ್ಣಗೆ ನಗು ಎಂದರೆ ಅತ್ತೆಗೆ ಆಗದು. ಒಂದೋ ಗಂಟು ಮುಖ, ಇಲ್ಲವೇ ದವಡೆ ಹಲ್ಲು ಕಾಣುವ ನಗು. ಗಾಜಿನ ಆಚೆಯಿಂದ ನಾನು ಕೋತಿ ಮುಖ ಮಾಡಿ ನಗಿಸುವುದು, ಅವಳು ನಾಲಿಗೆ ಚಾಚುವುದು, ನನ್ನ ಹಿಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದ ಮಾವ “ಬೇಗ ತೆಗೆದು ಮುಗಿಸ್ರಮ್ಮ, ಇದೇನು ಮದುವೆ ಆಲ್ಬಮ್ಮಾ?” ಎನ್ನುವುದು, ಹೀಗೇ ಹೊತ್ತು ಹೋಯಿತು. ಅತ್ತೆ ಒಳಗೇ ಮೂಲೆಯಲ್ಲಿ ಸೀರೆ ಬದಲಾಯಿಸಿ ಮತ್ತೆ ಗೋಡೆಯ ಮುಂದೆ ನಿಂತಳು.

ಆಮೇಲೆ ಅವಳು ಹಣೆಗೆ ಕೈ ಇಟ್ಟುಕೊಂಡಳು. ಬೊಟ್ಟು ಸರಿಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. “ನಿದ್ದೆ ಮಾಡ್ಬೇಡ ಅತ್ತೆ, ಸುಣ್ಣ ಮೆತ್ಕೊಳುತ್ತೆ” ಎಂದು ಕೂಗಿದೆ. ಅವಳ ತುಟಿ ಅಲುಗಿತು, ಮಾತು ಕೇಳಲಿಲ್ಲ. ಆಗ ಅವಳ ಮುಖದಲ್ಲಿ ಸಣ್ಣ ನಗುವಿನಂಥದ್ದೇನೋ ಬಂದಿತು. ಇದೇ, ಇದೇ ಎಂದು ನಾನು ಒತ್ತಿದೆ. ಮುಂದಿನ ಕ್ಷಣ ಪರದೆಯ ಮೇಲೆ ಬರೀ ಬಿಳಿ ಗೋಡೆ ಇತ್ತು.

ನಾನು ನಕ್ಕೆ. ಅವಳು ಬಗ್ಗಿ ಕುಳಿತು ಆಟ ಆಡಿಸುತ್ತಿದ್ದಾಳೆ, ಈಗ ಧಡಕ್ಕನೆ ಏಳುತ್ತಾಳೆ ಎಂದು ಕಾದೆ. ಎಷ್ಟು ಹೊತ್ತು ಕಾದೆನೋ ತಿಳಿಯದು. ಈಗಲೂ ಶಾಲೆಯಲ್ಲಿ ಪಾಠ ಮಾಡುತ್ತಿರುವಾಗ, ಬಸ್ಸಿನಲ್ಲಿ ಕುಳಿತಿರುವಾಗ ಆ ಕಾಯುವಿಕೆ ಮತ್ತೆ ಶುರುವಾಗುತ್ತದೆ. ಕೆಲವು ಸಲ ನಾನು ತಕ್ಷಣ ಗಾಜು ಒಡೆಯುತ್ತೇನೆ. ಕೆಲವು ಸಲ ಒಡೆಯುವುದೇ ಇಲ್ಲ.

ಅವತ್ತು, ತುದಿಗಾಲಲ್ಲಿ ನಿಂತು ಇಣುಕಿದಾಗ, ಕಾಲುಂಗುರದ ಪಾದವೊಂದು ವಿಚಿತ್ರವಾಗಿ ಮಡಚಿಕೊಂಡಿರುವುದು ಕಂಡಿತು. ನನ್ನ ಬಾಯಿಂದ ಬಂದದ್ದು ಮಾತಲ್ಲ, ಯಾವುದೋ ಸದ್ದು. ಮಾವ ತಿರುಗಿ ನೋಡಿದವರೇ ಹಾರೆ ತೆಗೆದುಕೊಂಡು ಬಾಗಿಲಿಗೆ ಓಡಿದರು. ನಾನು ಕಲ್ಲು ಎತ್ತಿ ಗಾಜು ಒಡೆದೆ. ಸರಳುಗಳಿದ್ದವು, ಒಳಗೆ ಹೋಗುವಂತಿರಲಿಲ್ಲ. ಮುಖಕ್ಕೆ ಬಿಸಿ ಗಾಳಿ ಬಡಿಯಿತು. ಹೊಗೆಯಿಲ್ಲ, ಕಮಟಿಲ್ಲ, ಸುಣ್ಣದ ವಾಸನೆ ಮಾತ್ರ. ಚಿಲಕ ಕಿತ್ತು ಬಂದ ಸದ್ದು ಕೇಳಿತು. ಮಾವ ಅವಳನ್ನು ಕಂಕುಳಿಗೆ ಕೈಹಾಕಿ ಎಳೆದು ತಂದು ಅಂಗಳದಲ್ಲಿ ಮಲಗಿಸಿದರು. “ಏಮೇ, ಏಮೇ” ಎಂದು, ಮನೆಯಲ್ಲಿ ಮುದ್ದಿಗೆ ಮಾತ್ರ ಬರುವ ತೆಲುಗಿನಲ್ಲಿ ಕರೆಯುತ್ತಲೇ ಇದ್ದರು. ಅವಳು ಉಸಿರಾಡುತ್ತಿದ್ದಳು, ಆದರೆ ಏಳಲಿಲ್ಲ. ಹಾಲಿನ ವ್ಯಾನಿನಲ್ಲಿ, ಕ್ಯಾನುಗಳ ನಡುವೆ ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆವು.

ಕೆಂಡದಿಂದ ಬರುವ ಆ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ ಎಂದು ಡಾಕ್ಟರು ಹೇಳಿದರು. ಇನ್ನು ಸ್ವಲ್ಪ ಹೊತ್ತಾಗಿದ್ದರೆ, ಎಂದು ಶುರುಮಾಡಿ ಮಾವನ ಮುಖ ನೋಡಿ ನಿಲ್ಲಿಸಿದರು. ಮಾವ ಹೊರಗೆ ಬೆಂಚಿನ ಮೇಲೆ ಕುಳಿತು ತಮ್ಮ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು. ಅವುಗಳಿಗೆ ಇನ್ನೂ ಸುಣ್ಣ ಮೆತ್ತಿತ್ತು.

ಸಂಜೆ ಅತ್ತೆಗೆ ಪೂರ್ತಿ ಎಚ್ಚರ ಬಂತು. ಆಕ್ಸಿಜನ್ ಮಾಸ್ಕನ್ನು ಪಕ್ಕಕ್ಕೆ ಸರಿಸಿ ಮಾವನನ್ನು ಹತ್ತಿರ ಕರೆದಳು. “ಹೊಗೆ ಹಾಕಿ ಮಾಗಿಸೋಕೆ ನಾನೇನು ಬಾಳೆಗೊನೆನಾ?” ಮಾವ ನಗಲು ಹೋಗಿ ಅತ್ತರು. “ಸುಮ್ನಿರಪ್ಪ, ಅಳ್ಬೇಡ. ಮುದ್ದೆ ಜೊತೆ ಇನ್ಮೇಲೆ ಸಾರೂ ಇಕ್ತೀನಿ” ಎಂದಳು. ನರ್ಸು ಬಂದು ಗದರಿಸಿ ಮಾಸ್ಕ್ ಹಾಕಿ ಹೋದಳು.

ಫೋಟೋ ಮಾತ್ರ ಬಾಕಿ ಉಳಿಯಿತು. ಮೊದಲು ತೆಗೆದವುಗಳಲ್ಲೇ ಒಂದನ್ನು ಕಳಿಸಬಹುದಿತ್ತು. ಕೊನೆಯದರಲ್ಲಂತೂ ಬೇಕಿದ್ದ ಆ ಸಣ್ಣ ನಗು ಇತ್ತು. ಅದನ್ನು ತೆರೆದು ನೋಡಲು ನನ್ನಿಂದ ಆಗಲಿಲ್ಲ. ಎಲ್ಲವನ್ನೂ ಅಳಿಸಿಹಾಕಿದೆ.

ಎರಡು ವಾರ ಬಿಟ್ಟು ಅಂಗಳದಲ್ಲಿ, ಬಿಸಿಲಲ್ಲಿ, ಹಗ್ಗಕ್ಕೆ ಬಿಳಿ ಪಂಚೆ ಕಟ್ಟಿ ಅತ್ತೆಯನ್ನು ನಿಲ್ಲಿಸಿದೆ. ಅವಳು ಈ ಸಲ ಬಹಳ ಶ್ರದ್ಧೆಯಿಂದ ಬಾಯಿ ಮುಚ್ಚಿ, ಅಲುಗಾಡದೆ, ನೇರ ನೋಡುತ್ತ ನಿಂತಳು. ನಾನು ಫೋನು ಕೆಳಗಿಳಿಸಿದೆ.

“ಅತ್ತೆ, ಏನಾದ್ರೂ ಮಾತಾಡು.”

“ಬಾಯಿ ಮುಚ್ಕೊಂಡಿರ್ಬೇಕಂತಲ್ಲೇ?”

“ಪರವಾಗಿಲ್ಲ, ಮಾತಾಡ್ತಾನೇ ಇರು. ನಿಲ್ಲಿಸ್ಬೇಡ.”

ಅತ್ತೆಗೆ ಅಷ್ಟು ಹೇಳಿದರೆ ಸಾಕು. ಹಸು ಕಡಿಮೆ ಹಾಲು ಕೊಡುತ್ತಿರುವುದರಿಂದ ಹಿಡಿದು ನನ್ನ ಮದುವೆಯವರೆಗೆ ಬಂದಳು. ನಾನು ಒತ್ತುತ್ತಲೇ ಇದ್ದೆ. ಮಾವ ಪಂಚೆಯ ತುದಿ ಹಿಡಿದು ಗಾಳಿಗೆ ಹಾರದಂತೆ ನಿಂತಿದ್ದರು.

ಫೋಟೋಗಳನ್ನು ಕಳಿಸಿದ ಮೇಲೆ ಚಿಕ್ಕಬಳ್ಳಾಪುರದ ಹುಡುಗಿ ಫೋನ್ ಮಾಡಿದಳು. “ಅಕ್ಕ, ಬಾಯಿ ಮುಚ್ಚಿರೋದು ಒಂದೂ ಇಲ್ವಾ?”

“ಇಲ್ಲಮ್ಮ” ಎಂದೆ. “ಇರೋದ್ರಲ್ಲೇ ಯಾವುದಾದ್ರೂ ಹಾಕು.”

ಹಾಕಿದಳು. ಉಳಿದ ನಿರ್ದೇಶಕಿಯರೆಲ್ಲ ತುಟಿ ಬಿಗಿದು ಗಂಭೀರವಾಗಿ ನೋಡುತ್ತಿದ್ದಾರೆ. ಅತ್ತೆಯೊಬ್ಬಳು ಮಾತಿನ ನಡುವೆ ಇದ್ದಾಳೆ, ಹುಬ್ಬು ಏರಿದೆ. “ಆ ಹುಡುಗನಿಗೇನೇ ಕಮ್ಮಿ ಆಗೈತೆ?” ಎಂದು ನನ್ನನ್ನು ಕೇಳುತ್ತಿದ್ದಾಳೆ.