ಮಷೀನಿನ ಮೇಲಿನ ಬೂದಿ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಎಪ್ಪತ್ತರ ದಶಕದಲ್ಲಿ ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಕನ್ನಡ ಟೈಪಿಂಗ್ ಕಲಿತು, ಬಬಲೇಶ್ವರದ ಸಣ್ಣ ಕಚೇರಿಯೊಂದಕ್ಕೆ ಟೈಪಿಸ್ಟ್ ಆಗಿ ಸೇರಿದಾಗ ಅದನ್ನು ನುಂಗಿಕೊಂಡು ಕೂತಿದ್ದೆ. ಆರು ತಿಂಗಳು ಕೆಲಸ ನೋಡಿ ಕಾಯಂ ಮಾಡುವ ಮಾತಾಗಿತ್ತು. ಐದನೆಯ ತಿಂಗಳಿಗೆ ಮಷೀನು ಕೈಕೊಟ್ಟಿತು. ಸಂಜೆ ನೆಟ್ಟಗೆ ಮುಚ್ಚಿಟ್ಟು ಹೋದರೆ ಬೆಳಿಗ್ಗೆ ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಂಡಿರುತ್ತಿದ್ದವು. ಬಿಡಿಸಿ ಹೊಡೆದರೆ ಸಾಲೆಲ್ಲ ಸೊಟ್ಟ.

“ಮಷೀನಿಗೇನೂ ಆಗಿಲ್ರಿ ಬಾಯಾರ, ನಿಮ್ಮ ಕೈಯಾಗ ದೋಷ ಐತಿ. ಬರೋ ಸೋಮವಾರ ಬ್ಯಾರೇದವರನ್ನ ಕೂಡಸ್ತೇನಿ,” ಎಂದರು ಸಾಹೇಬರು. ಯಾರೋ ಮುಟ್ಟುತ್ತಿದ್ದಾರೆ ಎಂದೆ. ಸಾಕ್ಷಿ ಕೇಳಿದರು.

ಅಂದು ಸಂಜೆ ತಿಕೋಟಾ ಮೇಲಿಂದ ನಮ್ಮೂರು ಘೋಣಸಗಿಗೆ ಹೋಗಿ ಅವ್ವನ ಮುಂದೆ ಅತ್ತೆ. ಕಣದಲ್ಲಿ ಜೋಳದ ರಾಶಿ ಬಿದ್ದಾಗ ಅವ್ವ ಅದರ ಮೇಲೆ ಬೂದಿಯ ಗೆರೆ ಎಳೆದು ನಿಶ್ಚಿಂತೆಯಿಂದ ಮನೆಗೆ ಬರುವವಳು. ಯಾರಾದರೂ ಒಂದು ಬೊಗಸೆ ಎತ್ತಿದರೂ ಗೆರೆ ಕೆಡುತ್ತಿತ್ತು.

“ಅಳ್ತಿ ಯಾಕ ಯವ್ವಾ? ರಾಶಿಗೆ ಹಾಕಿದಂಗ ಅದಕ್ಕೂ ಚಿಟಿಕಿ ಬೂದಿ ಹಾಕು.”

“ಅದೇನ್ ಜೋಳದ ರಾಶಿ ಏನ್ ಬೇ?”

“ಮುಟ್ಟಾಂವಗ ಜೋಳಾದ್ರೇನು, ಮಷೀನಾದ್ರೇನು.”

ಮರುದಿನ ಸಂಜೆ, ಕಚೇರಿಯವರೆಲ್ಲ ಮನೆಗೆ ಹೋದ ಮೇಲೆ, ತೆಳು ಬಟ್ಟೆಯಲ್ಲಿ ಸೋಸಿದ ಬೂದಿಯನ್ನು ಕೀಗಳ ಮೇಲೆ ಉದುರಿಸಿ ಮುಚ್ಚಿದೆ. ಬೆಳಿಗ್ಗೆ ತೆರೆದರೆ ನಾಲ್ಕೇ ನಾಲ್ಕು ಕೀಗಳ ಮೇಲೆ ಬೂದಿ ಅಳಿಸಿತ್ತು. ಆ ಅಕ್ಷರಗಳನ್ನು ಹಿಂದೆ ಮುಂದೆ ಮಾಡಿ ಜೋಡಿಸಿದೆ. ನಮ್ಮ ಸಿಪಾಯಿ ಕಾಕಾನ ಹೆಸರು! ದಿನಾ ಬೀಗ ತೆಗೆದು ಕಸ ಹೊಡೆಯುವ, ನನಗೆ ಚಹಾ ತಂದುಕೊಡುವ, ತಲೆ ನರೆತ ಮನುಷ್ಯ. ಮೈಯೆಲ್ಲ ಉರಿದುಹೋಯಿತು.

ಕಾಕಾ ಕಸಬರಿಗೆ ಹಿಡಿದು ಅಲ್ಲೇ ನಿಂತಿದ್ದರು. ಬೆರಳಿನಲ್ಲಿ ಬೂದಿ.

“ಓದಾಕ ಬರಿಯಾಕ ಕಲೀಲಿಕ್ಕ ದೊಡ್ಡವರ ಸಾಲಿಗೆ ಹೊಂಟೇನ್ರಿ ಬಾಯಾರ. ನನ್ನ ಹೆಸರು ಅಚ್ಚಿನ್ಯಾಗ ಹೆಂಗ ಕಾಣ್ತೈತಿ ಅಂತ ನೋಡಾಕತ್ತಿದ್ನಿ. ದಿನಾ ಒತ್ತತೇನಿ, ಮೂಡವಲ್ದು.”

ಜೀವಮಾನವೆಲ್ಲ ಕಚೇರಿಯ ಮೊಹರು ಒತ್ತಿದ ಕೈ. ಹೆಸರನ್ನೂ ಹಾಗೇ ಒಂದೇ ಏಟಿಗೆ ಒತ್ತಬೇಕೆಂದು ನಾಲ್ಕೂ ಕೀಗಳನ್ನು ಕೂಡಿಸಿ ಒತ್ತುತ್ತಿದ್ದರು! ಸಿಟ್ಟೆಲ್ಲ ಇಳಿದುಹೋಯಿತು. ನನ್ನ ಕೆಲಸ ಉಳಿಯಬೇಕಾದರೆ ಅವರ ಹೆಸರು ಹೇಳಲೇಬೇಕು. ಹೇಳಿದರೆ ಅವರ ಗತಿ?

ನಾನು ಲೆಕ್ಕ ಹಾಕುತ್ತಿದ್ದಂತೆ ಸಾಹೇಬರು ಬಂದೇಬಿಟ್ಟರು. ಕಾಕಾ ನನ್ನ ಮುಖವನ್ನೂ ನೋಡದೆ ಹೇಳಿದರು: “ಬಾಯಾರದು ತಪ್ಪಿಲ್ರಿ ಸಾಹೇಬ್ರ. ಮಷೀನ್ ಕೆಡಿಸಿದಾಂವ ನಾ.”

ಸಾಹೇಬರು ಬೂದಿ ನೋಡಿದರು, ಕಾಕಾನನ್ನು ನೋಡಿದರು. ಒಂದಿಷ್ಟು ಬೈದರು. ಆಮೇಲೆ, “ಕೇಳಿದ್ರ ಬಾಯಾರ ಹೇಳಿಕೊಡ್ತಿದ್ದಿಲ್ಲೇನು?” ಎಂದರು. ನಾಚಿಕೆಯಾದದ್ದು ನನಗೆ. ಐದು ತಿಂಗಳು ಕಾಕಾನ ಕೈಯ ಚಹಾ ಕುಡಿದಿದ್ದೆ, ಒಂದು ದಿನ ಕೂತು ಮಾತಾಡಿಸಿರಲಿಲ್ಲ.

ಮಷೀನು ಒರೆಸಿ, ಕಾಗದ ಏರಿಸಿ, ಕಾಕಾನನ್ನು ನನ್ನ ಕುರ್ಚಿಯಲ್ಲಿ ಕೂರಿಸಿದೆ. “ಒಂದ್ ಸಲಕ್ಕ ಒಂದ ಒತ್ತರಿ.” ಒಂದು ಒತ್ತಿ, ಬೆರಳೆತ್ತಿ, ಮೂಡಿತೋ ಇಲ್ಲವೋ ಎಂದು ಬಗ್ಗಿ ನೋಡಿ, ಇನ್ನೊಂದು ಒತ್ತಿದರು. ಸಾಹೇಬರು ಅವಸರದ ಪತ್ರವೊಂದನ್ನು ಕೈಯಲ್ಲಿ ಹಿಡಿದು ಕಾಯುತ್ತ ನಿಂತಿದ್ದರು.

ನಾಲ್ಕನೆಯದೂ ಮೂಡಿತು. ಕಾಕಾ ಅಕ್ಷರಗಳ ಕೆಳಗೆ ಬೆರಳಿಟ್ಟು ಮೆಲ್ಲಗೆ ಓದಿ, ನನ್ನತ್ತ ತಿರುಗಿದರು.

“ಇದು ನಾನ ಹೌದಲ್ರೀ ಬಾಯಾರ?”

“ಹೌದ್ರಿ ಕಾಕಾ, ನೀವ,” ಎಂದೆ.