ಸ್ಯಾಮ್ಸನನ ಹಗುರ ಕೈ

ಸೂಜಿ ಕಂಡರೆ ನನಗೆ ಮೊದಲು ಬೆವರು, ಆಮೇಲೆ ದೈವಭಕ್ತಿ. ಇಂಥವನ ತೋಳಿನಿಂದಲೂ ನೋವಿಲ್ಲದೆ ರಕ್ತ ತೆಗೆಯುತ್ತಿದ್ದವನು ನಮ್ಮ ಓಣಿಯ ಸ್ಯಾಮ್ಸನ. ದಿನಾ ಬೀದರಿನಿಂದ ಬಸ್ಸು ಹಿಡಿದು ಭಾಲ್ಕಿಯ ಖಾಸಗಿ ದವಾಖಾನೆಗೆ ಹೋಗುವ ನರ್ಸ್. ಕೂಸುಗಳ ಕೂದಲೆಳೆಯಂಥ ನರ ಹುಡುಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಡಾಬಕಾ, ಎಕಂಬಾದಂಥ ದೂರದ ಹಳ್ಳಿಗಳಿಂದ ಬಂದ ತಾಯಂದಿರು ಡಾಕ್ಟರರನ್ನು ದಾಟಿ ಬಂದು, "ಸ್ಯಾಮ್ಸನ್ ಸರ್ ಅದಾರೇನ್ರಿ?" ಎಂದು ಕೇಳುತ್ತಿದ್ದರು.

ಹಗುರ ಕೈಗೆ ಭಾರದ ಕೆಲಸ ಬೇಗ ಸಿಗುತ್ತದೆ. ಇಬ್ಬರು ನರ್ಸುಗಳು ಕೆಲಸ ಬಿಟ್ಟರು; ಅವರ ಪಾಳಿಯೂ ಇವನ ತಲೆಗೇ ಬಂತು. ಆ ಮಳೆಗಾಲ ಡೆಂಗಿಯಿಂದ ವಾರ್ಡು ತುಂಬಿತು. ಅವನು ಸೂಜಿ ಹಾಕಿದ ಒಂದು ಕೂಸು ಉಳಿಯಲಿಲ್ಲ. ತಪ್ಪು ನಿನ್ನದಲ್ಲ ಎಂದು ಎಲ್ಲರೂ ಹೇಳಿದರು. ಅವನೂ ಹಾಗೇ ಹೇಳಿಕೊಂಡ. ನಿದ್ದೆ ಮಾತ್ರ ಒಪ್ಪಲಿಲ್ಲ.

ಒಂದು ಶನಿವಾರ ಔಷಧಿ ಅಂಗಡಿಯ ಶಿವಕಾಂತ ಅವನನ್ನು ಔರಾದ ರಸ್ತೆಯ ಧಾಬಾಕ್ಕೆ ಕರೆದೊಯ್ದ. ನಾನೂ ಇದ್ದೆ. ಸೋಡಾ ಕುಡಿಯುತ್ತ ಅವರ ಶೇಂಗಾ ಖಾಲಿ ಮಾಡುವುದು ನನ್ನ ಪಾಲಿನ ಕೆಲಸ.

"ಟೆನ್ಶನ್ ಇಳೀಲಿಕ್ಕ ಒಂದೇ ಪೆಗ್ ತಗೋ ದೋಸ್ತ," ಎಂದ ಶಿವಕಾಂತ. "ದವಾ ಅಂತ ತಿಳ್ಕೋ."

"ಇವಾಂಜಲಿನಗ ಗೊತ್ತಾದ್ರ ಮನ್ಯಾಗ ಕರಕೊಳ್ಳಂಗಿಲ್ಲ," ಎಂದ ಸ್ಯಾಮ್ಸನ. ಇವಾಂಜಲಿನ ಅವನ ಹೆಂಡತಿ, ಸಾಲಿ ಟೀಚರು.

"ಯಾರು ಹೇಳ್ತಾರ? ಈ ಡೊಳ್ಳುಹೊಟ್ಟಿ ಮನಷ್ಯಾನ ಬಾಯಾಗ ಶೇಂಗಾ ಅದಾವ."

ಶನಿವಾರಕ್ಕೆ ಬುಧವಾರ ಜೊತೆಯಾಯಿತು. ಯಾರದೋ ಬಡ್ತಿ, ಯಾರದೋ ಮಗ ಪಾಸು. ಸಂತೋಷಕ್ಕೆ ನಮ್ಮೂರಲ್ಲಿ ಎಂದೂ ಬರವಿಲ್ಲ. ಆಮೇಲೆ ಸ್ಯಾಮ್ಸನನಿಗೆ ಸಂತೋಷದ ನೆಪವೂ ಬೇಕಾಗಲಿಲ್ಲ, ನಾವೂ ಬೇಕಾಗಲಿಲ್ಲ. ಬಾಯಲ್ಲಿ ಸದಾ ಲವಂಗ. ಕೇಳಿದರೆ ಹಲ್ಲುನೋವು. ಒಂದು ಹಲ್ಲು ಅಷ್ಟು ತಿಂಗಳು ನೋಯುತ್ತದೆಂದು ನಾನು ನಂಬಿದೆ. ನನ್ನ ಬುದ್ಧಿಯೂ ಶೇಂಗಾದ ಜೊತೆಗೇ ಖಾಲಿಯಾಗಿರಬೇಕು.

ನಮ್ಮ ಮೆಥಡಿಸ್ಟ್ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಪ್ರಭುಭೋಜನ. ಅಮಲಿಲ್ಲದ ದ್ರಾಕ್ಷಿರಸವನ್ನು ಹೆಬ್ಬೆರಳಿನ ಗಾತ್ರದ ಗಾಜಿನ ಬಟ್ಟಲುಗಳಿಗೆ ತುಂಬಿ, ತಟ್ಟೆಯಲ್ಲಿಟ್ಟು, ಮೊಣಕಾಲೂರಿದವರ ಮುಂದೆ ಹಿಡಿಯುವುದು ಸ್ಯಾಮ್ಸನನ ಸೇವೆ. ಹೋದ ತಿಂಗಳು ಆ ಬಟ್ಟಲುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ನನ್ನ ಮುಂದೆ ಬಂದಾಗ ರಸ ತುಳುಕಿ ತಟ್ಟೆಗೆ ಹಾಸಿದ ಬಿಳಿ ಬಟ್ಟೆ ಕೆಂಪಾಯಿತು. ಬಿ.ಪಿ. ಇರಬೇಕೆಂದರು ಪಾಸ್ಟರು. ಅದೇ ವಾರ ದವಾಖಾನೆಯಲ್ಲಿ ಒಂದು ಕೂಸಿಗೆ ಚುಚ್ಚಿ ಚುಚ್ಚಿ ನರ ಸಿಗದೆ ಕೈಯೆಲ್ಲ ಊದಿತು. ಇನ್ನೊಮ್ಮೆ ಹೀಗಾದರೆ ಸೂಜಿ ಮುಟ್ಟಬೇಡ ಎಂದರು ಡಾಕ್ಟರು. ಅಂದು ಸಂಜೆಯೇ ಅವನು ಬೈಬಲ್ ಮುಟ್ಟಿ, ಕುಡಿಯುವುದನ್ನು ಬಿಟ್ಟೆನೆಂದು ಇವಾಂಜಲಿನಳಿಗೆ ಮಾತು ಕೊಟ್ಟ. ಓಣಿಗೆಲ್ಲ ಅದು ಗೊತ್ತಾಯಿತು.

ಈ ಭಾನುವಾರ ಸಭೆಯೆಲ್ಲ ಕಿವಿಯಾಗಿ ಕುಳಿತಿತ್ತು. ತಟ್ಟೆ ಬಂತು. ಸದ್ದಿಲ್ಲ. ಒಂದು ಹನಿಯೂ ತುಳುಕಲಿಲ್ಲ. ಹಿಂದಿನ ಬೆಂಚಿನ ಕರುಣಾ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆರಾಧನೆ ಮುಗಿದ ಮೇಲೆ ನಾನು ಇವಾಂಜಲಿನಳ ಹತ್ತಿರ ಹೋಗಿ, "ನೋಡವ್ವಾ, ಕೈ ಹ್ಯಾಂಗ ನೆಟ್ಟಗ ನಿಂತದ," ಎಂದೆ.

ಅವಳು ನಗಲಿಲ್ಲ. "ಮುಂಜಾನಿ ಅವರಿಗೆ ಚಹಾದ ಕಪ್ಪು ಹಿಡೀಲಿಕ್ಕ ಆಗಿದ್ದಿಲ್ರಿ ಅಣ್ಣಾ. ನಾನೇ ಕುಡಿಸೀನಿ. ಆಮ್ಯಾಲ, ಬಟ್ಟಲಾ ತೊಳೀಬೇಕು ಅಂತ ಒಬ್ಬರೇ ಮುಂಚೆ ಬಂದ್ರು."

ಕುಡುಕನ ಕೈ ಕುಡಿಯದಿದ್ದಾಗಲೇ ನಡುಗುತ್ತದೆಂಬುದು ನನ್ನ ತಲೆಗೆ ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು.

"ನಡುಗಿದ್ರ ಛಲೋ ಇತ್ರಿ," ಎಂದಳು.

ಅಂಗಳದಲ್ಲಿ ಜನ ಸ್ಯಾಮ್ಸನನ ಕೈ ಕುಲುಕುತ್ತಿದ್ದರು. ಠಾಣಾ ಕುಶನೂರಿನಿಂದ ಬಂದ ಒಬ್ಬ ತಾಯಿ ತನ್ನ ಕೂಸಿನ ಮುಷ್ಟಿ ಬಿಡಿಸಿ ಅವನ ಮುಂದೆ ಹಿಡಿದಿದ್ದಳು.

"ನಾಳಿ ಭಾಲ್ಕಿಗಿ ಬರ್ತೇವ್ರಿ ಸರ್. ಸೂಜಿ ನಿಮ್ಮ ಕೈಲೇ ಆಗ್ಬೇಕ್ರಿ."

"ಬರ್ರೆವ್ವಾ," ಎಂದ ಸ್ಯಾಮ್ಸನ. ಆ ಪುಟ್ಟ ಕೈಯನ್ನು ಹಗುರಾಗಿ ಸವರಿ, ಜೇಬಿನಿಂದ ಒಂದು ಲವಂಗ ತೆಗೆದು ಬಾಯಿಗೆ ಹಾಕಿಕೊಂಡ.