ಕೋವಿ ಪಾಲು

ನಮ್ಮ ಭಾವ ಲಕ್ಕಪ್ಪ ಅಂದರೆ ಊರಿನವರಿಗೆ ಈಗ ಒಂದೇ ಗುರುತು: ಕಡವೆ ಹೊಡೆದು ಸಿಕ್ಕಿಬಿದ್ದವನು. ಪಾಳ್ಯದ ನನ್ನ ಟಿಲ್ಲರ್ ರಿಪೇರಿ ಅಂಗಡಿಗೆ ಬಂದವರೂ ಅದನ್ನೇ ಕೇಳುತ್ತಾರೆ. ಹಾಗೆ ಕೇಳಿದ ಇಬ್ಬರ ಟಿಲ್ಲರನ್ನು ಬಿಚ್ಚಿದ ಹಾಗೇ ರಸ್ತೆಗೆ ತಳ್ಳಿದ್ದೇನೆ. ಎಲ್ಲರ ಜೊತೆ ಜಗಳವಾಡಿ ಮುಗಿಯುವುದಿಲ್ಲ, ಅದಕ್ಕೇ ಆದದ್ದನ್ನು ಬರೆಯುತ್ತಿದ್ದೇನೆ.

ನನ್ನ ಅಕ್ಕ ಕಮಲಮ್ಮನನ್ನು ಕೊಟ್ಟ ಮನೆ ಹೊಂಗಡಹಳ್ಳದಿಂದಾಚೆ, ಕಾಡಿನ ಅಂಚಿನಲ್ಲಿದೆ. ಮನೆಯ ಕೆಳಗೆ ಒಂದು ತುಂಡು ಗದ್ದೆ, ಮೇಲೆ ಒಂದಿಷ್ಟು ಕಾಫಿ ಗಿಡ. ಗೋಡೆಯ ಮೇಲೆ ಭಾವನ ಅಪ್ಪನ ಕಾಲದ ಒಂಟಿ ನಳಿಗೆ ಕೋವಿ, ಬೆಳೆ ಕಾಯಲು ಸರ್ಕಾರ ಲೈಸೆನ್ಸ್ ಕೊಟ್ಟದ್ದು. ಭಾವ ಬದುಕಿದ್ದೇ ಆ ಕೋವಿಯಿಂದ. ಭತ್ತ ತೆನೆಗಟ್ಟುವ ಹೊತ್ತಿಗೆ ಸುತ್ತಲಿನ ಗದ್ದೆಯವರೆಲ್ಲ ಕಾವಲಿಗೆ ಅವನನ್ನೇ ಕರೆಯುತ್ತಿದ್ದರು. ಕೋವಿ ಇಲ್ಲದಿದ್ದರೆ ಅವನನ್ನು ಕರೆಯುವವರು ಯಾರೂ ಇಲ್ಲ, ಅವನ ಸ್ವಂತ ಗದ್ದೆಯೂ ಉಳಿಯುವುದಿಲ್ಲ.

ಹಾಗಂತ ಅವನು ಬೇಟೆಗಾರನಲ್ಲ. ಕೋವಿಗೆ ತುಂಬಲು ಮೂರು ಥರದ ತೋಟಾ ಇಟ್ಟುಕೊಳ್ಳುತ್ತಿದ್ದ. ಎಡಗಡೆ ಜೇಬಿನಲ್ಲಿ ಸೀಸದ ಚರೆಯನ್ನು ಹೊರಗೆ ಸುರಿದು ಬರೀ ಮದ್ದು ಉಳಿಸಿದ ಸದ್ದಿನ ತೋಟಾ. ಬಲಗಡೆ ಸಣ್ಣ ಚರೆಯದು. ಸೊಂಟದ ಚೀಲದಲ್ಲಿ ದಪ್ಪ ಗುಂಡಿನದು, ಪ್ರಾಣ ತೆಗೆಯುವಂಥದ್ದು. ಆ ಚೀಲದೊಳಗಿನ ತೋಟಾಗಳ ಹಿತ್ತಾಳೆ ಹಸಿರುಗಟ್ಟಿತ್ತು, ಯಾಕೆಂದರೆ ಅದನ್ನು ಅವನು ಮುಟ್ಟುತ್ತಲೇ ಇರಲಿಲ್ಲ.

"ಮಂಗನಿಗೆ ಸದ್ದು ಸಾಕು ಕಣೋ ಬಾಲು," ಅನ್ನುತ್ತಿದ್ದ. "ಹಂದಿ ಭಂಡ, ಅದಕ್ಕೆ ಚರೆ ಎಲೆ ಮೇಲೆ ಸಿಡೀಬೇಕು. ಕಡವೆ ಮಾತ್ರ ಮರ್ಯಾದಸ್ಥ ಪ್ರಾಣಿ. ಒಂದ್ ಸಲ ಸದ್ದು ಕೇಳಿಸ್ತು ಅಂದ್ರೆ ಆ ವಾರವೆಲ್ಲ ಈ ಕಡೆ ತಲೆ ಹಾಕಲ್ಲ."

"ಹಂಗಾದ್ರೆ ನಿನ್ನ ಕೋವಿಗೂ ನಮ್ಮೂರ ಮೈಕಿಗೂ ಏನ್ ವ್ಯತ್ಯಾಸ ಭಾವ?"

"ಮೈಕು ಜಾಸ್ತಿ ಮಾತಾಡ್ತದೆ, ನಿನ್ನಂಗೆ."

ಅವರ ಮನೆಯ ಮೇಲಿನ ಗುಡ್ಡವೆಲ್ಲ ಮೋಹನ್ ಅವರ ಎಸ್ಟೇಟ್. ಹೋದ ವರ್ಷ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಹಣ್ಣಿನ ಸಿಪ್ಪೆ ಬಿಡಿಸುವ ಅವರ ಪಲ್ಪರ್ ಕೆಟ್ಟಿತೆಂದು ನನ್ನನ್ನು ಕರೆಸಿದ್ದರು. ನಾನು ಅಂಗಳದಲ್ಲಿ ಕೂತು ಬೇರಿಂಗ್ ಬಿಚ್ಚುತ್ತಿದ್ದೆ. ಜಗಲಿಯ ಮೇಲೆ ಮೋಹನ್ ಹೊಸ ರೈಫಲ್ ಮುಂದಿಟ್ಟುಕೊಂಡು ಕೂತಿದ್ದರು. ಶೂಟಿಂಗ್ ಕ್ಲಬ್ ಹೆಸರಿನಲ್ಲಿ ಲೈಸೆನ್ಸ್ ಮಾಡಿಸಿ ತಂದದ್ದು. ಭಾವನನ್ನು ಹೇಳಿ ಕಳಿಸಿ ಕರೆಸಿ, ಕುರ್ಚಿ ಹಾಕಿಸಿದರು. ಭಾವ ಕುರ್ಚಿಯ ತುದಿಯಲ್ಲಿ ಕೂತ.

"ಎತ್ತಿ ನೋಡು ಲಕ್ಕಪ್ಪ."

ಭಾವ ಎರಡೂ ಕೈಗಳನ್ನು ಪಂಚೆಗೆ ಒರೆಸಿಕೊಂಡು ಎತ್ತಿದ. "ಇದೇನ್ ಸಾವ್ಕಾರ್ರೆ, ಕೊಡೆ ಎತ್ತಿದಂಗೈತೆ!"

ಮೋಹನ್ ಮೊಬೈಲ್ ತೋರಿಸಿದರು. ಹಿಮದಲ್ಲಿ ಒಬ್ಬ ಬಿಳಿಯ, ಕಡವೆಗಿಂತ ದೊಡ್ಡದೊಂದು ಪ್ರಾಣಿಯನ್ನು ಕೆಡವಿ, ಕೊಂಬು ಹಿಡಿದು ನಗುತ್ತಿದ್ದ. "ಎಲ್ಕ್ ಅಂತಾರೆ ಇದಕ್ಕೆ. ಹಗುರ ರೈಫಲ್ಲಿಗೆ ಯಾವ ತೋಟಾ ಅಂತ ಈ ಜನ ಗಂಟೆಗಟ್ಟಲೆ ಮಾತಾಡ್ತಾರೆ, ಕೇಳಿ ಕೇಳಿ ತಲೆ ಕೆಟ್ಟೋಯ್ತು. ನೀನ್ ಹೇಳು, ನಮ್ಮ ಕಡವೆಗೆ ಯಾವುದು?"

ಮೇಜಿನ ಮೇಲೆ ಮೂರು ತೋಟಾ ನಿಲ್ಲಿಸಿದ್ದರು. ಮೂರೂ ಒಂದೇ ಅಳತೆಯವು, ಮುಂದಿನ ಗುಂಡು ಮಾತ್ರ ಬೇರೆ ಬೇರೆ ತೂಕದ್ದು.

"ಕಡವೆ ಹೊಡೀಬಾರ್ದಲ್ಲ ಸಾವ್ಕಾರ್ರೆ. ಕೇಸಾಯ್ತದೆ."

"ಹೊಡಿಯೋರು ಯಾರು ಮಾರಾಯ? ಒಂದು ವೇಳೆ ಅಂತ ಕೇಳ್ದೆ."

ಭಾವ ಬಿದ್ದದ್ದು ಆ 'ಒಂದು ವೇಳೆ'ಗೆ. ಕುರ್ಚಿ ಹಾಕಿಸಿ ಅವನನ್ನು ಯಾರೂ ಯಾವತ್ತೂ ಏನನ್ನೂ ಕೇಳಿದ್ದಿಲ್ಲ. ಒಂದೊಂದನ್ನೂ ಅಂಗೈಯಲ್ಲಿ ಉರುಳಿಸಿದ, ತುದಿಯನ್ನು ಉಗುರಿನಿಂದ ಒತ್ತಿ ನೋಡಿದ.

"ಕೋವಿ ಹಗುರ ಆದಷ್ಟೂ ಒದೆ ಜಾಸ್ತಿ. ಈ ಭಾರದ್ದು ಹಾಕಿದ್ರೆ ಮೊದಲನೇ ಈಡಿಗೇ ಭುಜ ಹಿಡ್ಕತದೆ, ಆಮೇಲೆ ಬೆರಳು ಕೋವಿ ಕುದುರೆ ಎಳೆಯೋಕ್ ಮುಂಚೇನೇ ನಿಮ್ಮ ಕಣ್ಣು ಮುಚ್ಕತದೆ. ಈ ಸಣ್ಣದು ಜಿಂಕೆಗಾದ್ರೆ ಆದೀತು, ಕಡವೆ ಮೂಳೆಗೆ ಸಾಲ್ದು. ಗಾಯ ಹೊತ್ಕಂಡು ಕಾಡೊಳಗೆ ಹೋಗಿ ಕೊಳೆತು ಸಾಯ್ತದೆ, ಪಾಪ. ಈ ಮಧ್ಯದ್ದು ಐತಲ್ಲ, ಮೂತಿ ಮೆತ್ತಗಿರೋದು, ಇದೇ."

ಮೋಹನ್ ಅವನ ಬೆನ್ನು ತಟ್ಟಿದರು. ನಾನು ಕೆಳಗಿನಿಂದ, "ಭಾವ, ಮನೇಲಿ ಕೆಲ್ಸ ಐತೆ ಅಂದಿದ್ಯಲ್ಲ, ನಡಿ," ಅಂದೆ. ಅವನಿಗೆ ಕೇಳಿಸಲಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಹಿಂದೆ ಊರೊಟ್ಟಿನ ಬೇಟೆ ಇದ್ದಾಗ ಮಾಂಸದಲ್ಲಿ ನಾಯಿಗೊಂದು ಪಾಲು, ಕೋವಿಗೊಂದು ಪಾಲು ಎತ್ತಿಡುತ್ತಿದ್ದರು. ಊರಲ್ಲಿ ಕೋವಿ ಇರುವ ಪ್ರತಿ ಮನೆಗೂ ಪಾಲು ಹೋಗಬೇಕು, ಯಜಮಾನ ಬೇಟೆಗೆ ಹೋಗದೆ ಮನೆಯಲ್ಲಿ ಮಲಗಿದ್ದರೂ ಸರಿ. ಅದು ಮಾಂಸದ ಲೆಕ್ಕವಲ್ಲ, ಮರ್ಯಾದೆ. ಬಂದ ಪಾಲನ್ನು ಹಿಂದೆ ಕಳಿಸುವ ಹಾಗಿಲ್ಲ. ಪಾಲು ತಿಂದವನು ಹೊಡೆದವನ ಹೆಸರು ಹೇಳುವ ಹಾಗಿಲ್ಲ. ಭಾವನ ಅಪ್ಪ ಇದ್ದಾಗ ಎಸ್ಟೇಟಿನ ದೊಡ್ಡ ಮನೆಯಿಂದ ಪಾಲು ಬರುತ್ತಿತ್ತಂತೆ. ಭಾವನ ಕಾಲಕ್ಕೆ ಬೇಟೆಯೇ ನಿಂತು, ಅವನ ಕೋವಿಗೆ ಪಾಲು ಅಂತ ಯಾರೂ ಒಂದು ತುಂಡೂ ಕಳಿಸಿರಲಿಲ್ಲ.

ಮೊದಲ ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಲಿಂಗಪ್ಪ ಬಾಳೆಲೆಯಲ್ಲಿ ಕಟ್ಟಿದ ದೊಡ್ಡ ಗಂಟು ತಂದು ಜಗಲಿಯ ಮೇಲಿಟ್ಟ. "ಕೋವಿ ಪಾಲು ಲಕ್ಕಪ್ಪಣ್ಣ. ನೀನು ಆರಿಸಿದ ತೋಟಾನೇ ಅಂತೆ. ಕಡವೆ ಒಂದೇ ಈಡಿಗೆ ಕೂತ್ಕಬುಡ್ತಂತೆ. ಸಾವ್ಕಾರ್ರು ಹೇಳಿ ಕಳಿಸವ್ರೆ."

ಅಕ್ಕ ಒಳಗಿನಿಂದಲೇ, "ಯಾಕ್ರೀ ಈಸ್ಕಂಡ್ರಿ? ವಾಪಸ್ ಕೊಡಿ," ಅಂದಳಂತೆ.

"ಪಾಲು ವಾಪಸ್ ಕೊಟ್ಟವ್ರನ್ನ ಎಲ್ಲಾದ್ರೂ ಕಂಡಿದ್ದೀಯೇನೆ? ಅಪ್ಪನ ಕಾಲದ್ದು ಮತ್ತೆ ಬಂದೈತೆ, ಒಲೆ ಹಚ್ಚು."

ಅಷ್ಟರಲ್ಲಿ ಎಸ್ಟೇಟಿನ ಆಳುಗಳ ಲೈನ್ ಮನೆಗಳ ನಾಯಿಯೊಂದು ಕಡವೆಯ ಕಾಲನ್ನು ಟಾರು ರಸ್ತೆಗೆ ಎಳೆದು ತಂದಿತ್ತು. ಆ ದಾರಿಯಲ್ಲಿ ಬರುತ್ತಿದ್ದ ಅರಣ್ಯ ಇಲಾಖೆಯ ಜೀಪು ನಿಂತಿತು. ಹತ್ತಿರದಲ್ಲಿ ಕೋವಿ ಇರುವ ಮನೆ ಯಾವುದು ಎಂದು ಕೇಳಿದರು. ಮಧ್ಯಾಹ್ನಕ್ಕೆ ಅಕ್ಕನ ಒಲೆಯ ಮೇಲಿದ್ದ ಪಾತ್ರೆಯನ್ನೂ ಗೋಡೆಯ ಮೇಲಿದ್ದ ಕೋವಿಯನ್ನೂ ಭಾವನನ್ನೂ ಒಂದೇ ಜೀಪಿಗೆ ಹಾಕಿಕೊಂಡು ಹೋದರು.

ಸುದ್ದಿ ಸಿಕ್ಕಿ ನಾನು ಅರಣ್ಯ ಇಲಾಖೆಯ ಆಫೀಸಿಗೆ ಓಡಿದೆ. ಭಾವ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ.

"ಯಾರು ಕೊಟ್ಟಿದ್ದು ಅಂತ ಹೇಳು ಭಾವ! ಬಾಯಿ ಬುಡು!"

"ಸುಮ್ಕಿರೋ. ಪಾಲು ತಗಂಡಿದೀನಿ."

"ಪಾಲಂತೆ ಪಾಲು! ನಿನ್ನ ಕೋವಿ ಹೋಗ್ತದೆ ಕಣಯ್ಯಾ!"

"ತೋಟಾ ಆರ್ಸಿದ ಕೈ ನಂದೇ ಅಲ್ವೇನೋ ಬಾಲು," ಅಂದ ಮೆಲ್ಲಗೆ.

ಅವನು ಹೇಳದಿದ್ದರೆ ನಾನು ಹೇಳುತ್ತೇನೆ ಅಂತ ಆಫೀಸರ ಮೇಜಿಗೆ ಹೋದೆ. ರೈಫಲ್ಲಿನ ವಿಷಯ ಹೇಳಿದೆ. ಎಸ್ಟೇಟಿನ ತೋಟದಲ್ಲಿ ಅವರಿಗೆ ಸಿಕ್ಕ ಕಡವೆಯ ಚರ್ಮ ಅಲ್ಲೇ ಮೂಲೆಯಲ್ಲಿತ್ತು; ಅದರಲ್ಲಿ ಒಂದು ಕಡೆ ಕಿರುಬೆರಳು ಹೋಗುವಷ್ಟು ತೂತು, ಇನ್ನೊಂದು ಕಡೆ ಮುಷ್ಟಿ ಹೋಗುವಷ್ಟು. ಚರೆ ಕೋವಿ, ದಪ್ಪ ಗುಂಡು ಹಾಕಿದರೂ, ಅಷ್ಟು ಸಣ್ಣ ತೂತು ಮಾಡುತ್ತದೆಯೇ ಎಂದು ಕೇಳಿದೆ. ಮೋಹನ್ ಅವರ ರೈಫಲ್ ಬೆಂಗಳೂರಿನ ಅಂಗಡಿಯಲ್ಲಿ ದುರ್ಬೀನು ಕೂರಿಸಲು ಕೊಟ್ಟಿದೆ, ಚೀಟಿ ನೋಡಿದ್ದೇವೆ ಅಂತ ಆಫೀಸರು ಅಂದರು. ದನದ ಡಾಕ್ಟರು ಗುಂಡೇಟು ಅಂತ ಬರೆದಿದ್ದಾರೆ, ಅಷ್ಟು ಸಾಕು ಅಂದರು. ನಾನು ಮೇಜು ಗುದ್ದಿದೆ. ಇಬ್ಬರು ಹಿಡಿದು ಹೊರಗೆ ದಬ್ಬಿದರು.

ಸಂಜೆಗೆ ಮೋಹನ್ ಕಾರಿನಲ್ಲಿ ಬಂದರು. ಈಗಲಾದರೂ ಒಂದು ಮಾತು ಆಡುತ್ತಾರೆ ಎಂದುಕೊಂಡೆ. ಆಡಿದರು. ಎಲ್ಲರೆದುರಿಗೆ ನಿಂತು, "ಏನ್ ಲಕ್ಕಪ್ಪ, ಈ ವಯಸ್ಸಲ್ಲಿ ಇಂಥ ಕೆಲಸ ಮಾಡೋದಾ? ಇರಲಿ, ವಕೀಲರನ್ನ ನಾನು ನೋಡ್ಕೋತೀನಿ," ಅಂದರು. ಭಾವ ಎದ್ದು ನಿಂತು ಕೈ ಮುಗಿದ. ಆ ಕೈ ಮುಗಿದದ್ದನ್ನು ನಾನು ಈಗಲೂ ಮರೆತಿಲ್ಲ.

ಜಾಮೀನಿಗೆ ಸಹಿ ಹಾಕಿದವರೂ ಮೋಹನ್ ಅವರೇ. ಸಾವ್ಕಾರರು ದೊಡ್ಡ ಮನುಷ್ಯರು, ಕಳ್ಳ ಬೇಟೆಗಾರನನ್ನೂ ಕೈಬಿಡಲಿಲ್ಲ ಎಂದು ಊರು ಹೊಗಳಿತು. ಭಾವ ಜೈಲಿನಿಂದ ಬರುವಾಗ ಗದ್ದೆಗೆ ನಾಟಿ ಆಗಿತ್ತು. ಅಕ್ಕ ಆಳು ಕರೆದು ಮಾಡಿಸಿದ್ದಳು. ಲೈಸೆನ್ಸ್ ರದ್ದಾಯಿತು. ಕೇಸು ಈಗಲೂ ನಡೆಯುತ್ತಿದೆ, ಕೋವಿ ಎಲ್ಲೋ ಒಂದು ಕೋಣೆಯಲ್ಲಿ ತುಕ್ಕು ಹಿಡಿಯುತ್ತಿದೆ. ತೆನೆ ಬರುವ ಹೊತ್ತಿಗೆ ಕಾವಲಿಗೆ ಅವನನ್ನು ಯಾರೂ ಕರೆಯಲಿಲ್ಲ.

ದೀಪಾವಳಿಯ ಹಿಂದುಮುಂದಿನಲ್ಲಿ ನಾನು ಅಕ್ಕನ ಮನೆಯಲ್ಲಿದ್ದೆ. ಲಿಂಗಪ್ಪ ಮತ್ತೆ ಬಾಳೆಲೆಯ ಗಂಟು ಹಿಡಿದು ಬಂದ. "ಬರ್ಕದ್ದು," ಅಂದ. ಬರ್ಕ ಅಂದರೆ ನಮ್ಮ ಕಾಡಿನ ಚಿಕ್ಕ ಜಿಂಕೆ. "ಕೋವಿ ಪಾಲು ಅಂತ ಕೊಟ್ಬಾ ಅಂದ್ರು."

ನಾನು ಕೈಯಲ್ಲಿದ್ದ ಲೋಟ ಎಸೆದು ಎದ್ದೆ. ಭಾವ ನನ್ನ ತೋಳು ಹಿಡಿದ. ಗಂಟನ್ನು ಎತ್ತಿಕೊಂಡು, ಲಿಂಗಪ್ಪನನ್ನೂ ಹಿಂದಿಕ್ಕಿ, ತಾನೇ ಗುಡ್ಡ ಹತ್ತಿದ. ನಾನು ಹಿಂದೆ ಹೋದೆ. ದೊಡ್ಡ ಮನೆಯ ಜಗಲಿಯಲ್ಲಿ ಅದೇ ಮೇಜಿನ ಮೇಲೆ ಗಂಟು ಇಟ್ಟು ಕೂಗಿ ಹೇಳಿದ:

"ಸಾವ್ಕಾರ್ರೆ, ನಮ್ಮನೇಲಿ ಕೋವಿ ಇಲ್ಲ. ಕೋವಿ ಇಲ್ದಿದ್ ಮನೆಗೆ ಕೋವಿ ಪಾಲು ಬರಲ್ಲ."

ಯಾರೂ ಹೊರಬರಲಿಲ್ಲ. ಮೋಹನ್ ಮನೆಯಲ್ಲಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಡುಗೆಯವಳು ಸೆರಗಿಗೆ ಕೈ ಒರೆಸುತ್ತಾ ಬಂದು, "ಮಾಂಸವಾ? ಫ್ರಿಜ್ಜಲ್ಲಿ ಇಡ್ತೀನಿ ಬುಡಣ್ಣ," ಎಂದು ಒಯ್ದಳು.

ನಾವು ಗದ್ದೆಗೆ ಇಳಿಯುವಾಗ ಸಂಜೆಯಾಗುತ್ತಿತ್ತು. ಕಾಡಿನ ಕಡೆಯಿಂದ ಒಂದು ಕಡವೆ ಬದು ದಾಟಿ ಬಂದು ತೆನೆಗೆ ಬಾಯಿ ಹಾಕಿತು. ಅಟ್ಟಣೆಗೆ ಕಟ್ಟಿದ್ದ ಎಣ್ಣೆ ಡಬ್ಬವನ್ನು ಭಾವ ಕೋಲಿನಿಂದ ಬಡಿದ. ಕಡವೆ ತಲೆ ಎತ್ತಿ ನೋಡಿತು. ಇನ್ನೊಮ್ಮೆ ಬಡಿದ. ಅದು ತಲೆ ತಗ್ಗಿಸಿ ಮತ್ತೆ ಮೇಯತೊಡಗಿತು. ನಾನು ಕಲ್ಲು ತೆಗೆದುಕೊಂಡು ಬೈಯುತ್ತಾ ಕೆಸರಿಗೆ ಇಳಿದೆ.

ಭಾವ ಎಡಗಡೆ ಜೇಬನ್ನು ಮುಟ್ಟಿ ನೋಡಿಕೊಂಡ. "ಒಂದು ಸದ್ದಿಂದು ಸಾಕಾಗಿತ್ತು ಕಣೋ," ಅಂದ.